ಸೂರಿನ ಧರ್ಮ

ಮಿತವ್ಯಯವನ್ನು ಗೃಹಸ್ಥನ ಗುಣಗಳಲ್ಲಿ ಒಂದೆಂದು ನಮ್ಮ ಹಿರಿಯರು ಎಣಿಸಿದ್ದರು. ದೀಪದ ಬತ್ತಿಯನ್ನು ಕಿರಿದು ಮಾಡುವುದು, ಅಡಿಗೆ ಮುಗಿದೊಡನೆ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿ ಇದ್ದಿಲನ್ನು ಎತ್ತಿಡುವುದು, ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಹರಿಸುವುದು, ಇವೆಲ್ಲ ಬಡತನದ ಲಕ್ಷಣವೆಂದು ಆಗ ಯಾರೂ ಭಾವಿಸಿರಲಿಲ್ಲ. ಮನೆವಾರ್ತೆಯ ಜಾಣತನವೆಂದೇ ತಿಳಿದಿದ್ದರು. ಈಚಿನ ಅರ್ಧ ಶತಮಾನದಲ್ಲಿ ಈ ಪಟ್ಟಿಗೆ ಹೊಸದೊಂದು ಬಂದು ಸೇರಿದೆ. ಮನೆಯೊಳಗಿನ ಬಿಸಿಯಾಗಲಿ ತಂಪಾಗಲಿ ಗೋಡೆ, ಚಾವಣಿ, ಕಿಟಕಿ, ಬಾಗಿಲುಗಳ ಮೂಲಕ ಸೋರಿಹೋಗದಂತೆ, ಹೊರಗಿನದು ಒಳಕ್ಕೆ ನುಗ್ಗದಂತೆ, ಕಟ್ಟಡಕ್ಕೆ ಒಂದು ಕವಚವನ್ನು ತೊಡಿಸುವುದೇ ಅದು. ಇಂಜಿನಿಯರುಗಳು ಇದನ್ನು ಉಷ್ಣನಿರೋಧವೆನ್ನುತ್ತಾರೆ. ಇದರಿಂದ ಇಂಧನ ಉಳಿಯುತ್ತದೆ, ವಿದ್ಯುತ್ತು ಉಳಿಯುತ್ತದೆ, ಹಣ ಉಳಿಯುತ್ತದೆ ಎಂಬುದು ಇದರ ಪರವಾಗಿ ಎಲ್ಲರೂ ಹೇಳುವ ಮಾತು. ಮಾತು ನಿಜವೇ. ಆದರೆ ಉಳಿತಾಯವೊಂದೇ ಇದರ ಬೆಲೆಯೆ? ಉಳಿಸುವುದಕ್ಕೆ ಏನೂ ಇಲ್ಲದವನ ಮನೆಗೆ ಈ ಕವಚ ಬೇಕೋ ಬೇಡವೋ? ಈ ಪ್ರಶ್ನೆಯನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಈ ವಿದ್ಯೆ ಶಾಸ್ತ್ರವಾಗಿ ಬೆಳೆದದ್ದು ಚಳಿಯ ನಾಡುಗಳಲ್ಲಿ. ೧೯೭೩ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ರವಾನೆಯನ್ನು ತಡೆಹಿಡಿದಾಗ, ಚಳಿಗಾಲವಿಡೀ ಎಣ್ಣೆಯನ್ನು ಉರಿಸಿ ಮನೆಯನ್ನು ಬೆಚ್ಚಗಿಡುತ್ತಿದ್ದ ಜನಕ್ಕೆ ತಮ್ಮ ಗೋಡೆಗಳು ಎಷ್ಟು ಸೋರುತ್ತಿವೆಯೆಂಬುದು ಚೆನ್ನಾಗಿ ಮನಸ್ಸಿಗೆ ಬಂತು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ೧೯೭೬ರ ಒಂದು ಕಾನೂನಿನಂತೆ, ಬಡವರ ಮನೆಗಳ ಸಂದುಬಿರುಕುಗಳನ್ನು ಮುಚ್ಚಿ, ಅಟ್ಟದಲ್ಲಿ ನಿರೋಧಕ ವಸ್ತುವನ್ನು ತುಂಬಿಸಿಕೊಡುವ ಕೆಲಸವನ್ನು ಸರಕಾರವೇ ಕೈಗೊಂಡಿತು. ಅಂದಿನಿಂದ ೭೦ ಲಕ್ಷಕ್ಕೂ ಮಿಕ್ಕ ಮನೆಗಳು ಹೀಗೆ ದುರಸ್ತಾಗಿವೆ. ಕೆನಡಾ ದೇಶದ ರೆಜೈನಾ ನಗರದಲ್ಲಿ ೧೯೭೭ರಲ್ಲಿ ಬಹಳ ದಪ್ಪನಾದ ಕವಚವಿಟ್ಟು ಒಂದು ಮನೆಯನ್ನು ಪ್ರಯೋಗಾರ್ಥವಾಗಿ ಕಟ್ಟಿದರು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ೧೯೯೧ರಲ್ಲಿ ಮುಗಿದ ಮನೆಗಳಲ್ಲಿ ಈ ಪ್ರಯತ್ನ ಇನ್ನೂ ಮುಂದಕ್ಕೆ ಹೋಯಿತು. ಅಂಥ ಮನೆಯಲ್ಲಿ ವಾಸಿಸುವವರ ಮೈಯ ಶಾಖ, ಅಡಿಗೆಯ ಬಿಸಿ, ಕಿಟಕಿಯಿಂದ ಬೀಳುವ ಬಿಸಿಲು, ಇಷ್ಟರಿಂದಲೇ ಚಳಿಗಾಲದ ಬಹುಭಾಗ ಸಾಗಿಹೋಗುತ್ತದೆ.

ಇದರ ತತ್ತ್ವ ನಮ್ಮ ಕಂಬಳಿಯ ತತ್ತ್ವವೇ. ಕಂಬಳಿಗೆ ತನ್ನದೆಂಬ ಬಿಸಿಯೇನೂ ಇಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ನಿಂತ ಗಾಳಿ, ಒಂದು ಕಡೆಯ ಬಿಸಿ ಇನ್ನೊಂದು ಕಡೆಗೆ ದಾಟದಂತೆ ತಡೆಯುತ್ತದೆ; ಅಷ್ಟೇ. ಆದುದರಿಂದಲೇ ಚಳಿಗೆ ಹೊದೆಯುವ ಗೋಣಿಯನ್ನೇ ಐಸಿನ ವ್ಯಾಪಾರಿ ತನ್ನ ಗಡ್ಡೆಗೆ ಸುತ್ತುತ್ತಾನೆ. ತಡೆಗೆ ಒಳಗು ಹೊರಗುಗಳ ಪಕ್ಷಪಾತವಿಲ್ಲ. ಶೀತದೇಶದವರು ಬಿಸಿ ಹೊರಗೆ ಹೋಗದಿರಲೆಂದು ಕಟ್ಟುವುದನ್ನು ನಾವು ಬಿಸಿ ಒಳಗೆ ಬಾರದಿರಲೆಂದು ಕಟ್ಟಬೇಕು.

ನಾವು ಹಾಗೆ ಕಟ್ಟುತ್ತಲೂ ಇದ್ದೆವು. ಬಳ್ಳಾರಿ, ರಾಯಚೂರು, ಚಿತ್ರದುರ್ಗಗಳ ಕಡೆಯ ಹಳೆಯ ಊರುಗಳನ್ನು ಕಂಡವರಿಗೆ ಮೇಲ್ಮುದ್ದೆಯ ಮನೆಗಳ ಪರಿಚಯವುಂಟು. ತೊಲೆಗಳ ಮೇಲೆ ಜಂತಿಗಳನ್ನು ಇಟ್ಟು, ಅವುಗಳ ಮೇಲೆ ಹಲಗೆಯನ್ನೋ ಬಿದಿರನ್ನೋ ಒತ್ತಾಗಿ ಜೋಡಿಸಿ, ಸೊಪ್ಪು ಹಾಸಿ, ಮೇಲೆ ಮಣ್ಣನ್ನು ದಪ್ಪನಾಗಿ ಹೇರಿ ತುಳಿದು ಗಟ್ಟಿಮಾಡಿದ ಚಾವಣಿ ಅದು. ಗೋಡೆಯೂ ಒಂದೂವರೆ ಎರಡು ಅಡಿ ದಪ್ಪ. ನಡುಮನೆಗೆ ಬೆಳಕು ಬರುವುದು ನೆತ್ತಿಯ ಮೇಲಿನ ಬೆಳಕಿಂಡಿಯಿಂದ. ಹೊರಗೆ ರಸ್ತೆ ಕಾದು ನಿಂತಿರುವಾಗ ಆ ನಡುಮನೆಗೆ ಕಾಲಿಟ್ಟವರಿಗೆ ಯಾವ ವ್ಯಾಖ್ಯಾನವೂ ಬೇಕಾಗಿಲ್ಲ. ಮಧ್ಯಾಹ್ನ ಮಾಳಿಗೆಯ ಮೇಲೆ ಬಿದ್ದ ಬಿಸಿ ಆ ಮಣ್ಣನ್ನು ಇಳಿದು ಒಳಗನ್ನು ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಆ ವೇಳೆಗೆ ಮನೆಯವರು ಚಾಪೆ ದಿಂಬುಗಳನ್ನು ಎತ್ತಿಕೊಂಡು ಮಾಳಿಗೆಯ ಮೇಲೆ ಹೋಗಿ ನಕ್ಷತ್ರಗಳ ಕೆಳಗೆ ಮಲಗಿರುತ್ತಿದ್ದರು. ಕಟ್ಟಡದ ವೇಳೆಯೂ ಸಂಸಾರದ ವೇಳೆಯೂ ಒಂದಕ್ಕೊಂದು ಹೊಂದಿಕೊಂಡಿದ್ದ ಬಗೆ ಇದು.

ಹಳೆಯದೆಲ್ಲ ಒಳ್ಳೆಯದೆಂದು ಹೇಳುವ ಆತುರ ನನಗಿಲ್ಲ. ಆ ಮಣ್ಣಿಗೆ ಪ್ರತಿವರ್ಷವೂ ಮುಂಗಾರಿಗೆ ಮುನ್ನ ಸೇವೆ ಸಲ್ಲಬೇಕು, ತಪ್ಪಿದರೆ ಸೋರುವುದು. ಗೆದ್ದಲಿನ ಕಾಟ, ಚೇಳಿನ ಭಯ. ಜಡಿಮಳೆ ಹಿಡಿದಾಗ ಮಾಳಿಗೆ ಕುಸಿದು ಮಲಗಿದ್ದವರು ಸತ್ತ ಸುದ್ದಿ ಇಂದಿಗೂ ಮಳೆಗಾಲದ ಪತ್ರಿಕೆಗಳಲ್ಲಿ ಬರುವುದುಂಟು. ಜನ ಕಾಂಕ್ರೀಟನ್ನು ಬಯಸಿದ್ದು ಬರಿಯ ಡಂಭಕ್ಕಾಗಿ ಅಲ್ಲ, ನಿರ್ಭಯವಾಗಿ ಮಲಗುವುದಕ್ಕಾಗಿ. ಅವರ ಆಯ್ಕೆಯನ್ನು ಹಳಿಯುವ ಅಧಿಕಾರ, ಮಾಳಿಗೆಯ ಸೊಗಸನ್ನು ದೂರದಿಂದ ಹೊಗಳುವ ನಮಗೆ ಇಲ್ಲ.

ಆದರೆ ಗಟ್ಟಿತನ ಬೇರೆ, ತಡೆ ಬೇರೆ ಎಂಬುದನ್ನು ನಾವು ಮರೆತೆವು. ನಾಲ್ಕೈದು ಅಂಗುಲದ ಕಾಂಕ್ರೀಟು ಆನೆಯ ಭಾರವನ್ನು ಹೊರಬಲ್ಲುದು; ಬಿಸಿಲನ್ನು ಮಾತ್ರ ಹೊರಲಾರದು. ಇಂಜಿನಿಯರುಗಳ ಕೋಷ್ಟಕಗಳಿಂದ ಲೆಕ್ಕ ಹಾಕಿದರೆ, ೫ ಸೆಂಟಿಮೀಟರು ದಪ್ಪದ ಥರ್ಮೋಕೋಲ್ ಒಡ್ಡುವಷ್ಟು ತಡೆಯನ್ನು ಕಾಂಕ್ರೀಟಿನಿಂದಲೇ ಪಡೆಯಬೇಕಾದರೆ ಅದು ೨ ಮೀಟರಿಗೂ ಹೆಚ್ಚು ದಪ್ಪವಿರಬೇಕು. ಬರಿಯ ಸ್ಲಾಬಿನ ಕೆಳಗಿನ ಕೋಣೆ ಸಂಜೆಯ ಹೊತ್ತಿಗೆ ಕಾಯತೊಡಗಿ, ಊರಿನ ಗಾಳಿ ತಣ್ಣಗಾದ ಮೇಲೆಯೂ ಬಹುಹೊತ್ತು ಆರದು. ಫ್ಯಾನು ಆ ಕಾವನ್ನೇ ಕಲಕಿ ಮೈಮೇಲೆ ಸುರಿಯುತ್ತದೆ. ತಗಡಿನ ಮನೆಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಬಿಸಿಲಿನ ಉಗ್ರತೆ ಸರಕಾರಕ್ಕೆ ಗೊತ್ತಿಲ್ಲವೆಂದಲ್ಲ. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಚೇರಿಗಳನ್ನು ಬೆಳಿಗ್ಗೆ ೮ ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಬಹಳ ಕಾಲದಿಂದ ಬಂದಿದೆ. ವಿವೇಕದ ಪದ್ಧತಿಯೇ. ಒಂದೂವರೆಗೆ ಕಚೇರಿಯನ್ನು ಬಿಟ್ಟವನು ಹೋಗಿ ಸೇರುವ ಚಾವಣಿ ಯಾವುದೆಂಬ ವಿಚಾರ ಮಾತ್ರ ಆ ಸುತ್ತೋಲೆಗೆ ಸೇರಿದ್ದಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉಳಿತಾಯವೇ ಗುರಿಯಾದರೆ ಒಂದು ಹಳೆಯ ಆಕ್ಷೇಪಣೆ ಎದುರಿಗೆ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಂಬಾತ ತನ್ನ ದೇಶದ ಕಲ್ಲಿದ್ದಲನ್ನು ಕುರಿತು ೧೮೬೫ರಲ್ಲಿ ಒಂದು ಗ್ರಂಥವನ್ನು ಬರೆದನು. ಕಡಿಮೆ ಇದ್ದಲಿನಿಂದ ಹೆಚ್ಚು ಕೆಲಸ ತೆಗೆಯುವಂತೆ ಉಗಿಯಂತ್ರವನ್ನು ಸುಧಾರಿಸಿದಷ್ಟೂ ಇದ್ದಲಿನ ಒಟ್ಟು ಖರ್ಚು ಇಳಿಯದೆ ಏರುತ್ತಲೇ ಬಂದಿತೆಂದು ಅವನು ತೋರಿಸಿದನು. ಕೆಲಸ ಅಗ್ಗವಾದರೆ ಕೆಲಸ ಹೆಚ್ಚುವುದು ಸಹಜವಷ್ಟೆ. ಮನೆಯ ವಿಷಯದಲ್ಲಿಯೂ ಇಂಥದನ್ನೇ ಕಂಡಿದ್ದಾರೆ. ಕವಚ ತೊಟ್ಟ ಮನೆಯವರು ಮೊದಲಿಗಿಂತ ಹೆಚ್ಚು ಬೆಚ್ಚಗೆ ಇರತೊಡಗುತ್ತಾರೆ. ಕಾಗದದ ಮೇಲೆ ಎಣಿಸಿದಷ್ಟು ಇಂಧನ ಉಳಿಯುವುದಿಲ್ಲ. ಉಳಿಯದೆ ಹೋದ ಆ ಅಂಶವನ್ನು ಲೆಕ್ಕಿಗರು ನಷ್ಟದ ಕಡೆಗೆ ಬರೆದುಕೊಳ್ಳುತ್ತಾರೆ.

ನನಗೆ ಸಮ್ಮತವಾಗದೆ ಇರುವುದು ಈ ಬರವಣಿಗೆಯೇ. ಇಬ್ಬರು ಗೃಹಸ್ಥರನ್ನು ಊಹಿಸಿಕೊಳ್ಳಿ. ಒಬ್ಬನು ತನ್ನ ಮನೆಗೆ ಉತ್ತಮವಾದ ಕವಚವನ್ನಿಟ್ಟು, ಖರ್ಚು ಕಡಿಮೆಯಾಯಿತೆಂಬ ಧೈರ್ಯದಿಂದ ಬೇಸಗೆಯಲ್ಲಿ ಕೋಣೆಯನ್ನು ೧೮ ಡಿಗ್ರಿಗೆ ಇಳಿಸಿ, ರಗ್ಗು ಹೊದ್ದು ಮಲಗುತ್ತಾನೆ. ಇನ್ನೊಬ್ಬಳು ಚಳಿಯ ದೇಶದ ಮುದುಕಿ. ಇಷ್ಟು ದಿನ ಒಂದೇ ಕೋಣೆಯಲ್ಲಿ ಬೆಂಕಿ ಹಾಕಿಕೊಂಡು ಉಳಿದ ಮನೆಯನ್ನು ಮುಚ್ಚಿಟ್ಟಿದ್ದವಳು, ಈಗ ಅದೇ ಇಂಧನದಲ್ಲಿ ಎರಡನೆಯ ಕೋಣೆಗೂ ಹೋಗಿ ಕುಳಿತುಕೊಳ್ಳುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಇಬ್ಬರ ಹೆಸರೂ ಒಂದೇ ಕಲಮಿನಲ್ಲಿ ಬೀಳುತ್ತದೆ: ಉಳಿಸಬೇಕಾದ್ದನ್ನು ಉಳಿಸದವರು! ಮಿತವ್ಯಯವೆಂಬ ಗುಣಕ್ಕೆ ನಮ್ಮಲ್ಲಿ ಇದ್ದ ಅರ್ಥ ಇದಲ್ಲ. ಬೇಕಾದುದಕ್ಕೆ ಮೀರಿ ವ್ಯಯಿಸಬಾರದೆಂಬುದು ಮಿತ. ಬೇಕಾದುದಕ್ಕೇ ಕೈಹಿಡಿಯುವುದು ಲೋಭ. ಜೆವೊನ್ಸನ ತರ್ಕ ಮೊದಲನೆಯವನಿಗೆ ತಗಲುತ್ತದೆ, ಎರಡನೆಯವಳಿಗೆ ತಗಲದು.

ನಮ್ಮ ನಾಡಿನಲ್ಲಿ ಈ ಭೇದ ಇನ್ನೂ ತೀಕ್ಷ್ಣವಾಗಿದೆ. ತಗಡಿನ ಕೆಳಗೆ ಒಂದು ದೀಪ, ಒಂದು ಫ್ಯಾನು ಇಟ್ಟುಕೊಂಡು ಬದುಕುವ ಸಂಸಾರದ ಚಾವಣಿಗೆ ಎಂಥ ಉತ್ತಮ ಕವಚವನ್ನು ಹೊದಿಸಿದರೂ ವಿದ್ಯುತ್ತು ಹೆಚ್ಚಾಗಿ ಉಳಿಯದು. ಸೊನ್ನೆಯಿಂದ ಏನನ್ನು ಕಳೆಯುವುದು? ಅಲ್ಲದೆ ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ, ತಿಂಗಳಿಗೆ ೨೦೦ ಯೂನಿಟ್ಟುಗಳ ಒಳಗೆ ಬಳಸುವ ಮನೆಗಳನ್ನು ಬಿಲ್ಲಿನ ಚಿಂತೆಯಿಂದ ಬಿಡಿಸಿತು. ಹಣದ ಲಾಭವನ್ನು ತೋರಿಸಿ ಅಂಥವರಿಗೆ ಚಾವಣಿಯ ಬುದ್ಧಿಯನ್ನು ಹೇಳಹೋದರೆ ಯಾರು ಕೇಳಿಯಾರು? ಉಳಿತಾಯದ ಅಳತೆಗೋಲೊಂದನ್ನೇ ಹಿಡಿದು ಹೊರಟರೆ, ಎಲ್ಲರಿಗಿಂತ ಹೆಚ್ಚಾಗಿ ಬೇಯುವವನ ಮನೆಯೇ ಎಲ್ಲಕ್ಕಿಂತ ಅನರ್ಹವಾದ ಮನೆಯಾಗಿ ಕಾಣುತ್ತದೆ. ಯಂತ್ರದಿಂದ ತಂಪು ಮಾಡಿಕೊಂಡವನ ಮನೆಗೆ ಮೊದಲ ಪಂಕ್ತಿ ಸಲ್ಲುತ್ತದೆ.

ಅಳತೆಗೋಲು ಬೇರೆಯಾಗಿರಬೇಕೆಂಬುದಕ್ಕೆ ನಿದರ್ಶನಗಳು ದುಃಖಕರವಾದವು. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲು ೪೬ ಡಿಗ್ರಿಯನ್ನು ದಾಟಿತು. ವಾಡಿಕೆಗಿಂತ ೧೩೦೦ಕ್ಕೂ ಹೆಚ್ಚು ಮಂದಿ ಆ ಒಂದೇ ತಿಂಗಳಲ್ಲಿ ಸತ್ತರೆಂದು ಅನಂತರ ಸಂಶೋಧಕರು ಲೆಕ್ಕ ಹಾಕಿದರು. ಆ ನಗರದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ, ನೇರವಾಗಿ ಚಾವಣಿಯ ಕೆಳಗೆ ಇತ್ತು. ಅದನ್ನು ಕೆಳಕ್ಕೆ ಸಾಗಿಸಿದ ಮೇಲೆ, ಕಾವಿನಿಂದ ನರಳಿ ತೀವ್ರ ಚಿಕಿತ್ಸೆಗೆ ಸೇರುವ ಹಸುಗೂಸುಗಳ ಸಂಖ್ಯೆ ಇಳಿಯಿತು. ಔಷಧ ಬದಲಾಗಲಿಲ್ಲ, ವೈದ್ಯರು ಬದಲಾಗಲಿಲ್ಲ. ನೆತ್ತಿಯ ಮೇಲಿನ ಸ್ಲಾಬು ಬದಲಾಯಿತು. ೨೦೦೩ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸುಮಾರು ೧೫,೦೦೦ ಮಂದಿಯನ್ನು ಬಲಿತೆಗೆದುಕೊಂಡ ಬಿಸಿಗಾಳಿಯ ವಿಚಾರದಲ್ಲಿಯೂ ಹೀಗೆಯೇ ತಿಳಿದುಬಂತು. ಸತ್ತವರಲ್ಲಿ ಬಹುಮಂದಿ ವೃದ್ಧರು. ಚಾವಣಿಗೆ ಒತ್ತಿಕೊಂಡ ಕೋಣೆಯಲ್ಲಿ ಮಲಗುತ್ತಿದ್ದುದೂ, ಮನೆಗೆ ಉಷ್ಣನಿರೋಧವಿಲ್ಲದೆ ಇದ್ದುದೂ ಸಾವಿನ ಸಂಭವವನ್ನು ಹೆಚ್ಚಿಸಿದ ಕಾರಣಗಳೊಳಗೆ ಸೇರಿದ್ದವು. ಇಂಥಲ್ಲಿ ಒಂದು ಪದರದ ಕವಚ ಎಷ್ಟು ಯೂನಿಟ್ಟನ್ನು ಉಳಿಸುತ್ತಿತ್ತೆಂದು ಕೇಳುವುದು ಸಭ್ಯತೆಯಾದೀತೆ?

ಹಾಗಾದರೆ ಎಲ್ಲರೂ ತಂಪಿನ ಯಂತ್ರವನ್ನೇ ಕೊಂಡುಕೊಳ್ಳಲಿ, ಬಡವನಿಗೂ ಸರಕಾರ ಕೊಡಿಸಲಿ, ಎಂದು ಒಬ್ಬರು ಹೇಳಿಯಾರು. ಆಸ್ಪತ್ರೆಯಲ್ಲಿಯೂ ರೋಗಿಯ ಮನೆಯಲ್ಲಿಯೂ ಯಂತ್ರ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಯಂತ್ರ ಮಾಡುವ ಕೆಲಸವೇನೆಂಬುದನ್ನು ಗಮನಿಸಬೇಕು. ಅದು ಬಿಸಿಯನ್ನು ನಾಶಮಾಡುವುದಿಲ್ಲ. ಎತ್ತಿ ಹೊರಕ್ಕೆ ಎಸೆಯುತ್ತದೆ, ಮತ್ತು ಎಸೆಯುವುದಕ್ಕಾಗಿ ತಾನು ಉಂಡ ವಿದ್ಯುತ್ತಿನ ಬಿಸಿಯನ್ನೂ ಅದಕ್ಕೆ ಕೂಡಿಸುತ್ತದೆ. ಒಳಗಿನಿಂದ ಮೂರು ಪಾಲು ತೆಗೆದರೆ ಹೊರಗೆ ನಾಲ್ಕು ಪಾಲು ಬೀಳುತ್ತದೆ. ಇಕ್ಕಟ್ಟಾದ ಬೀದಿಯಲ್ಲಿ ಆ ನಾಲ್ಕನೆಯ ಪಾಲು ಯಾರದು? ಎದುರು ಮನೆಯ ಕಿಟಕಿಯದು, ಮೂಲೆಯಲ್ಲಿ ಕುಳಿತ ಹೂವಾಡಗಿತ್ತಿಯದು. ತನ್ನ ಕಸವನ್ನು ಗುಡಿಸಿ ನೆರೆಯವನ ಬಾಗಿಲಿಗೆ ತಳ್ಳುವುದನ್ನು ನಾವು ಅಸಭ್ಯತೆಯೆನ್ನುತ್ತೇವೆ; ಕಾವು ಕಣ್ಣಿಗೆ ಕಾಣದುದರಿಂದ ಆ ಹೆಸರನ್ನು ತಪ್ಪಿಸಿಕೊಂಡಿದೆ. ಚಾವಣಿಯ ಕವಚವಾಗಲಿ, ಮೇಲೆ ಬಳಿದ ಸುಣ್ಣವಾಗಲಿ ಹಾಗಲ್ಲ. ಬಿಳಿಯ ಚಾವಣಿ ಬಿಸಿಲಿನ ಬಹುಪಾಲನ್ನು ಬಂದ ಕಡೆಗೇ ತಿರುಗಿಸುತ್ತದೆ. ಅದರ ತಂಪಿನಲ್ಲಿ ಯಾರ ಪಾಲೂ ಕದ್ದದ್ದಲ್ಲ. ಸುಖವೆಂದರೆ ಮತ್ತೊಬ್ಬನಿಗೆ ತಗಲುವ ದುಃಖವನ್ನು ಕಳೆದು ಉಳಿಯುವುದೆಂದು ಲೆಕ್ಕ ಹಾಕುವುದಾದರೆ, ಎರಡೂ ತಂಪುಗಳು ಒಂದೇ ಜಾತಿಯವಲ್ಲ.

ಇನ್ನೊಂದು ತೊಡಕುಂಟು, ಮತ್ತು ನನಗೆ ಇದೇ ಎಲ್ಲಕ್ಕಿಂತ ಕಠಿನವಾಗಿ ಕಾಣುತ್ತದೆ. ಕಟ್ಟುವವನೊಬ್ಬ, ಬೇಯುವವನು ಇನ್ನೊಬ್ಬ. ಬಾಡಿಗೆಯ ಮನೆಯ ಚಾವಣಿಗೆ ಹಣ ಹಾಕಬೇಕಾದವನು ಒಡೆಯ. ಬಿಲ್ಲನ್ನು ತೆರುವವನು, ಬೆವರುವವನು ಒಕ್ಕಲು. ಒಡೆಯನಿಗೆ ಲಾಭ ಕಾಣದು, ಒಕ್ಕಲಿಗೆ ಅಧಿಕಾರವಿಲ್ಲ. ಇಬ್ಬರೂ ಕೆಟ್ಟವರಲ್ಲದೆ ಇದ್ದರೂ ಕೆಲಸ ಮಾತ್ರ ಆಗುವುದಿಲ್ಲ. ನಮ್ಮ ಊರುಗಳಲ್ಲಿ ಒಡೆಯರು ತಾವು ಕೆಳಗಿನ ಅಂತಸ್ತಿನಲ್ಲಿದ್ದು ಮೇಲಿನದನ್ನು ಬಾಡಿಗೆಗೆ ಕೊಡುವುದು ಸಾಮಾನ್ಯ. ಎಂದರೆ ಒಕ್ಕಲಿನ ಸಂಸಾರವೇ ಒಡೆಯನ ಉಷ್ಣನಿರೋಧ! ಇದನ್ನು ಹಾಸ್ಯಕ್ಕೆ ಹೇಳಿದ್ದಾದರೂ ಭೌತಶಾಸ್ತ್ರದ ದೃಷ್ಟಿಯಿಂದ ಅಕ್ಷರಶಃ ಸರಿಯೇ.

ಪಶ್ಚಿಮದ ಕೆಲವು ದೇಶಗಳು ಈ ತೊಡಕನ್ನು ಕಾನೂನಿನಿಂದ ಬಿಡಿಸಲು ಹೊರಟಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೧೮ರಿಂದ, ಶಾಖವನ್ನು ತೀರ ಸೋರಿಸುವ ದರ್ಜೆಯ ಮನೆಗಳನ್ನು ಹೊಸದಾಗಿ ಬಾಡಿಗೆಗೆ ಕೊಡುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ; ಫ್ರಾನ್ಸಿನಲ್ಲಿ ೨೦೨೫ರಿಂದ ಇಂಥದೇ ನಿರ್ಬಂಧ ಬಂದಿದೆ. ನಮ್ಮಲ್ಲಿ ೨೦೧೮ರಲ್ಲಿ ಕೇಂದ್ರ ಸರಕಾರದಿಂದ ಹೊರಬಂದ ಇಕೋ ನಿವಾಸ್ ಸಂಹಿತೆಯು ವಾಸದ ಕಟ್ಟಡಗಳ ಗೋಡೆ ಕಿಟಕಿಗಳಿಗೂ ಚಾವಣಿಗೂ ಬಿಸಿಯ ಮಿತಿಯನ್ನು ಗೊತ್ತುಮಾಡಿತು. ಅದು ಹೇಳುವ ಮಿತಿಗೆ ಹೋಲಿಸಿದರೆ ಬರಿಯ ಸ್ಲಾಬು ಎರಡೂವರೆ ಮೂರು ಪಟ್ಟು ಬಿಸಿಯನ್ನು ಒಳಗೆ ಬಿಡುವಂಥದು. ತೆಲಂಗಾಣ ೨೦೨೩ರಲ್ಲಿ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇವೆಲ್ಲ ಒಳ್ಳೆಯ ಆರಂಭಗಳು. ಆದರೆ ಸಂಹಿತೆ ಹೊಸ ಕಟ್ಟಡಗಳನ್ನು ಕುರಿತದ್ದು. ನಿಂತಿರುವ ಮನೆಗಳು, ಅದಕ್ಕಿಂತಲೂ ನಕ್ಷೆಯೇ ಇಲ್ಲದ ಮನೆಗಳು, ಅದರ ದೃಷ್ಟಿಗೆ ಬೀಳುವುದಿಲ್ಲ.

ಕಾನೂನಿನ ಪ್ರಸಂಗ ಬಂದುದರಿಂದ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಲಂಡನ್ನಿನ ಗ್ರೆನ್‌ಫೆಲ್ ಗೋಪುರವೆಂಬ ೨೪ ಅಂತಸ್ತಿನ ಕಟ್ಟಡದಲ್ಲಿ ಬಹುಮಟ್ಟಿಗೆ ಬಡವರೂ ಮಧ್ಯಮ ಸ್ಥಿತಿಯವರೂ ವಾಸವಾಗಿದ್ದರು. ಮನೆಗಳು ಬೆಚ್ಚಗಿರಲೆಂದೂ ಹೊರನೋಟ ಅಂದವಾಗಲೆಂದೂ ೨೦೧೬ರ ಹೊತ್ತಿಗೆ ಅದಕ್ಕೆ ಹೊರಗಿನಿಂದ ಹೊಸ ಹೊದಿಕೆಯನ್ನು ಹಾಕಿ ಮುಗಿಸಿದರು. ಆರಿಸಿದ್ದು ಅಗ್ಗದ ಹೊದಿಕೆ. ಒಳಗಿನ ತಿರುಳು ಉರಿಯುವಂಥದು. ೨೦೧೭ರ ಜೂನ್ ೧೪ರ ರಾತ್ರಿ ಒಂದು ಅಡಿಗೆಮನೆಯಲ್ಲಿ ಹೊತ್ತಿದ ಬೆಂಕಿ ಆ ಹೊದಿಕೆಯನ್ನು ಹಿಡಿದು ಮೇಲಕ್ಕೇರಿತು. ೭೨ ಜನ ಸತ್ತರು. ಕಟ್ಟಡದ ಬೆಂಕಿಯ ಭಯವನ್ನು ಕುರಿತು ನಿವಾಸಿಗಳು ಮೊದಲೇ ಮೊರೆಯಿಟ್ಟಿದ್ದರು, ಕೇಳಿದವರಿಲ್ಲ. ಇದರಿಂದ ಕವಚವೇ ಕೆಟ್ಟದ್ದೆಂದು ತಿಳಿಯಬಾರದು. ಉರಿಯದ ನಿರೋಧಕಗಳು ಬೇಕಾದಷ್ಟಿವೆ, ಉರಿಯುವವನ್ನೂ ಗಾರೆ ಕಾಂಕ್ರೀಟುಗಳ ನಡುವೆ ಮುಚ್ಚಿ ನಿರಪಾಯವಾಗಿ ಬಳಸಬಹುದು. ಆದರೆ ಪರರ ಮನೆಗೆ ಉಪಕಾರ ಮಾಡುವಾಗ, ನಮ್ಮ ಮನೆಗೆ ನಾವು ಒಪ್ಪದ ಸಾಮಾನನ್ನು ಹಾಕಿದರೆ ಅದು ಉಪಕಾರವಾಗಿ ಉಳಿಯುವುದಿಲ್ಲ. ಅಲ್ಲಿ ಉಳಿದದ್ದು ಯಾರ ಹಣ, ಹೋದದ್ದು ಯಾರ ಪ್ರಾಣ ಎಂಬುದನ್ನು ನೋಡಿದರೆ, ಉಳಿತಾಯವೆಂಬ ಮಾತು ತಾನಾಗಿಯೇ ಒಂದು ಪುಣ್ಯವಲ್ಲವೆಂಬುದು ಗೊತ್ತಾಗುತ್ತದೆ.

ಗೃಹಸ್ಥನಾದವನು ಇಷ್ಟರಲ್ಲಿ ಮಾಡಬಹುದಾದುದು ಏನು? ಹೆಚ್ಚಿನ ವಿದ್ಯೆಯೇನೂ ಬೇಕಿಲ್ಲ. ಬೇಸಗೆಗೆ ಮುನ್ನ ತಾರಸಿಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿಸುವುದು. ಪಡುವಣ ಕಿಟಕಿಗೆ ಒಳಗೆ ಪರದೆ ಹಾಕುವುದಕ್ಕೆ ಬದಲಾಗಿ ಹೊರಗೆ ತಡಿಕೆ ಕಟ್ಟುವುದು, ಏಕೆಂದರೆ ಗಾಜನ್ನು ದಾಟಿ ಬಂದ ಬಿಸಿಲು ಆಗಲೇ ಮನೆಯ ಅತಿಥಿಯಾಗಿಬಿಟ್ಟಿರುತ್ತದೆ. ಅನುಕೂಲವಿದ್ದವರು ತಾರಸಿಯ ಮೇಲೆ ಮಣ್ಣಿನ ಮಡಕೆಗಳನ್ನು ಬೋರಲು ಹಾಕಿ ಸುತ್ತ ಗಾರೆ ತುಂಬಿಸುವುದು ಅಥವಾ ನಿರೋಧಕದ ಹಲಗೆಗಳನ್ನಿಟ್ಟು ಮೇಲೆ ಹೆಂಚು ಕೂರಿಸುವುದು. ಎಷ್ಟು ಭಾರವನ್ನು ಚಾವಣಿ ತಡೆಯಬಲ್ಲುದೆಂದು ತಿಳಿದವರನ್ನು ಕೇಳಿ ಮಾಡಬೇಕಾದ್ದು ಅಗತ್ಯ. ಬಾಡಿಗೆಗೆ ಕೊಟ್ಟವರು ತಮ್ಮ ಒಕ್ಕಲಿನ ಕೋಣೆಯಲ್ಲಿ ಮೇ ತಿಂಗಳ ಒಂದು ಸಂಜೆ ಅರ್ಧ ಗಂಟೆ ಕುಳಿತು ಬಂದರೆ ಉಳಿದ ವಾದಗಳ ಅಗತ್ಯವೇ ಇರದು.

ಆದರೆ ಮನೆಗಳ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಎರಡು ಪದರದ ಗಾಜು, ಚಾವಣಿಯಲ್ಲಿ ನಿರೋಧಕ, ಎಲ್ಲವನ್ನೂ ಅಳವಡಿಸಿದ ಹೊಸ ವಸತಿಗಳು ಏಳುತ್ತಿವೆ. ಅವುಗಳನ್ನು ಕಟ್ಟುವ ಕೈಗಳಲ್ಲಿ ಬಹಳಷ್ಟು ಯಾದಗಿರಿ, ರಾಯಚೂರು, ಕಲಬುರಗಿಗಳಿಂದ, ದೂರದ ಬಿಹಾರ ಬಂಗಾಳಗಳಿಂದ ಬಂದವು. ಕೆಲಸ ಮುಗಿಯುವವರೆಗೆ, ಎರಡು ವರ್ಷವೋ ಮೂರು ವರ್ಷವೋ, ಅವರ ಸಂಸಾರಗಳು ನಿವೇಶನದ ಪಕ್ಕದಲ್ಲಿ ತಗಡಿನ ಗೋಡೆ, ತಗಡಿನ ಚಾವಣಿಯ ಸಾಲುಗಳಲ್ಲಿ ಇರುತ್ತವೆ. ಕಟ್ಟಡದ ಕವಚ ಇಷ್ಟು ದಪ್ಪವಿರಬೇಕೆಂದು ಗುತ್ತಿಗೆಯ ಕಾಗದದಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಬರೆದಿರುತ್ತದೆ. ಅದನ್ನು ಹೊತ್ತು ಮೇಲಕ್ಕೊಯ್ಯುವವಳ ಕೂಸು ಮಧ್ಯಾಹ್ನ ಮಲಗುವ ತಗಡಿಗೆ ಒಂದು ಬಕೆಟ್ಟು ಸುಣ್ಣ ಸಾಕು. ಆ ಕಾಗದದಲ್ಲಿ ಅದಕ್ಕೊಂದು ಸಾಲು ಇದೆಯೇ ಎಂದು, ಮುಂಗಡವನ್ನು ಕೊಡುವ ದಿನ ಕೊಳ್ಳುವವರು ಕೇಳಬಹುದು.